ಒಂದು ಪ್ರತಿ ಮೋಡದಲ್ಲಿ, ಒಂದು ಪ್ರತಿ ನೆಲದಲ್ಲಿ

ಶಾಲೆಯ ಕಪಾಟಿನಲ್ಲೋ ಕಂಪ್ಯೂಟರಿನಲ್ಲೋ ಇರಬೇಕಾದ ಪಾಠ, ಕಡತ, ಅಂಕಪಟ್ಟಿಗಳು ದೂರದೂರಿನ ಕಟ್ಟಡವೊಂದರ ಕಂಪ್ಯೂಟರುಗಳಲ್ಲಿ ಕುಳಿತಿದ್ದು, ಬೇಕೆಂದಾಗ ಇಂಟರ್ನೆಟ್ ಮೂಲಕ ಕೈಗೆ ಬರುವ ಏರ್ಪಾಡಿಗೆ ಕ್ಲೌಡ್ ಎಂದು ಹೆಸರು. ಎಂಜಿನಿಯರುಗಳು ನಕ್ಷೆ ಬರೆಯುವಾಗ, ಜಾಲದ ಒಳವಿವರ ತೋರಿಸಬೇಕಿಲ್ಲದ ಕಡೆ ಮೋಡದ ಚಿತ್ರ ಬಿಡಿಸಿಬಿಡುತ್ತಿದ್ದರು. ಹೆಸರು ಹುಟ್ಟಿದ್ದು ಅಲ್ಲಿಂದ. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಕಂಪ್ಯೂಟರುಗಳ ಜಾಗವನ್ನು ಬಾಡಿಗೆಗೆ ಕೊಡತೊಡಗಿದ ಮೇಲೆ ಅದು ದೊಡ್ಡ ಉದ್ಯಮವಾಗಿ ಬೆಳೆಯಿತು. ಭಾರತ ಸರ್ಕಾರ ತನ್ನ ಕೆಲಸಗಳಿಗಾಗಿ ‘ಮೇಘರಾಜ್’ ಎಂಬ ಕ್ಲೌಡನ್ನು 2014ರಲ್ಲಿ ಆರಂಭಿಸಿತು. ಮರುವರ್ಷ ಮೈಕ್ರೋಸಾಫ್ಟ್ ಪುಣೆ, ಮುಂಬಯಿ, ಚೆನ್ನೈಗಳಲ್ಲಿ, 2016ರಲ್ಲಿ ಅಮೆಜಾನ್ ಮುಂಬಯಿಯಲ್ಲಿ ದತ್ತಾಂಶ ಕೇಂದ್ರಗಳನ್ನು ತೆರೆದವು. ಮೋಡ ಎಂಬ ಹೆಸರಿದ್ದರೂ ಅಲ್ಲಿಗೆ ಹೋಗುವ ದಾರಿ ನೆಲದ್ದೇ: ಕಂಬ, ತಂತಿ, ಟವರು, ಕರೆಂಟು. ಈ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಪಾಠ ನಿಂತುಹೋಗುತ್ತದೆ. ಮಳೆಯ ಊರಿನ ತರಗತಿಯಲ್ಲಿ ಕ್ಲೌಡಿನ ಕತೆಯನ್ನು ಶುರು ಮಾಡಬೇಕಾದದ್ದೇ ಇಲ್ಲಿಂದ.

ದಕ್ಷಿಣ ಕನ್ನಡ ಜಿಲ್ಲೆಯ ಅಳದಂಗಡಿ ಅಂಥದೊಂದು ಊರು. ಗುರುವಾಯನಕೆರೆಯಿಂದ ನಾರಾವಿಯ ಮೂಲಕ ಕಾರ್ಕಳದ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಈ ಪೇಟೆ ಅಜಿಲ ಅರಸರ ನೆಲೆ. 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ್ದು ಇದೇ ಮನೆತನದ ತಿಮ್ಮಣ್ಣ ಅಜಿಲ. ಪೇಟೆಯಿಂದ ಒಳಗೆ ಹೋದರೆ ಅಡಿಕೆ ತೋಟ, ರಬ್ಬರು, ಗುಡ್ಡ, ತೋಡು. ಮೂಡಣಕ್ಕೆ ಕುದುರೆಮುಖದ ಬೆಟ್ಟಸಾಲು. ಬೆಳ್ತಂಗಡಿ ತಾಲೂಕಿನಲ್ಲಿ ವರ್ಷದ ಮಳೆ 4000 ಮಿಲಿಮೀಟರ್ ದಾಟುವುದು ಸಾಮಾನ್ಯ. ಇಲ್ಲಿ ಮನೆಗಳು ಒತ್ತೊತ್ತಾಗಿ ಕೂಡಿಲ್ಲ. ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಒಂದು ಗುಡ್ಡ. ಮೊಬೈಲ್ ಅಲೆಗಳು ಆದಷ್ಟು ನೇರ ಹಾದಿಯಲ್ಲಿ ಸಾಗಬೇಕು. ಗುಡ್ಡ ಅಡ್ಡ ಬಂದರೆ ಸಿಗ್ನಲ್ ಅಲ್ಲಿಗೆ ಮುಗಿಯಿತು, ದಟ್ಟ ತೋಟ ಅಡ್ಡ ಬಂದರೆ ಅದರ ಬಲ ಕುಗ್ಗಿತು. ಹಾಗಾಗಿ ಒಂದೇ ಶಾಲೆಯ ಒಂದೇ ತರಗತಿಯಲ್ಲಿ, ಪೇಟೆಯ ಬದಿಯ ಮಗುವಿಗೆ ಸಲೀಸಾಗಿ ತೆರೆಯುವ ವಿಡಿಯೊ ಗುಡ್ಡದಾಚೆಯ ಮಗುವಿಗೆ ತಿರುಗುವ ಚಕ್ರವಾಗಿಯೇ ಉಳಿಯುತ್ತದೆ.

ದೂರದಿಂದ ತರಗತಿಗೆ ಪಾಠ ತರಿಸುವುದು ಕರ್ನಾಟಕಕ್ಕೆ ಹೊಸತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಬಂತು. ಅವುಗಳಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಹಾರಿಸಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳು ಮೂಡಿದವು. ಆ ಎರಡೂ ಪ್ರಯೋಗಗಳಲ್ಲಿ ಪಾಠ ಹೋಗುತ್ತಿದ್ದದ್ದು ಒಂದೇ ದಿಕ್ಕಿಗೆ. ಮೇಲಿನಿಂದ ಬಂದದ್ದನ್ನು ಮಕ್ಕಳು ನೋಡಬೇಕು. ಶಾಲೆಯಿಂದ ಮೇಲಕ್ಕೆ ಏನೂ ಹೋಗುತ್ತಿರಲಿಲ್ಲವೆಂದೇ ಹೇಳಬಹುದು. ಕ್ಲೌಡ್ ತಂದ ದೊಡ್ಡ ಬದಲಾವಣೆ ಇದು: ಶಾಲೆಯೂ ಮೇಲಕ್ಕೆ ಕಳಿಸುತ್ತದೆ. ಅಧ್ಯಾಪಕಿ ಬರೆದ ಟಿಪ್ಪಣಿ, ಮಗು ಬರೆದ ಉತ್ತರ, ಹಾಜರಿ, ಅಂಕ, ಫೋಟೊ, ಎಲ್ಲವೂ. ಒಳಿತು ಕೆಡುಕು ಎರಡೂ ಆ ಮೇಲ್ಮುಖ ದಾರಿಯಲ್ಲೇ ಇವೆ.

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಕ್ಲೌಡ್ ಬಂದದ್ದು ಮುಖ್ಯವಾಗಿ ಎರಡು ಬಾಗಿಲುಗಳಿಂದ. ಒಂದು ‘ದೀಕ್ಷಾ’. 2017ರ ಶಿಕ್ಷಕರ ದಿನದಂದು ಕೇಂದ್ರ ಸರ್ಕಾರ ಆರಂಭಿಸಿದ ಈ ವೇದಿಕೆಯ ಅಡಿಪಾಯ ‘ಸನ್‌ಬರ್ಡ್’ ಎಂಬ ಮುಕ್ತ ತಂತ್ರಾಂಶ. ಅದನ್ನು ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. ಪಠ್ಯಪುಸ್ತಕದ ಪಾಠದ ಬದಿಯಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ಆ ಪಾಠದ ವಿಡಿಯೊ, ಚಿತ್ರ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಹಳೆಯ ಪುಸ್ತಕವನ್ನು ಬಿಸಾಡದೆ ಅದರ ಪುಟದಿಂದಲೇ ಹೊಸ ದಾರಿ ತೆಗೆದ ಈ ಯೋಚನೆ ನಿಜಕ್ಕೂ ಜಾಣತನದ್ದು. ಇನ್ನೊಂದು ಬಾಗಿಲು ‘ಸ್ಯಾಟ್ಸ್’, ಅಂದರೆ ವಿದ್ಯಾರ್ಥಿ ಸಾಧನೆ ಜಾಡು ಹಿಡಿಯುವ ವ್ಯವಸ್ಥೆ. ಪ್ರತಿ ಮಗುವಿಗೂ ಒಂದು ಸಂಖ್ಯೆ. ದಾಖಲಾತಿ, ವರ್ಗಾವಣೆ, ಅಂಕಗಳೆಲ್ಲ ಅದರಡಿಯಲ್ಲಿ. ಒಂದು ಶಾಲೆ ಬಿಟ್ಟ ಮಗು ಇನ್ನೊಂದಕ್ಕೆ ಸೇರಿತೇ ಇಲ್ಲವೇ ಎಂಬುದು ಇದರಿಂದ ತಿಳಿಯುತ್ತದೆ. ಕೂಲಿಗಾಗಿ ಊರೂರು ತಿರುಗುವ ಕುಟುಂಬಗಳ ಮಕ್ಕಳ ಪಾಲಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಈ ಎರಡು ಬಾಗಿಲುಗಳಲ್ಲಿ ಅಧ್ಯಾಪಕರು ಹೆಚ್ಚು ಹೊತ್ತು ನಿಲ್ಲಬೇಕಾಗಿರುವುದು ಎರಡನೆಯದರ ಮುಂದೆ. ಸ್ಯಾಟ್ಸ್ ಎಂಟ್ರಿ, ಕೇಂದ್ರದ ಯುಡೈಸ್ ಪ್ಲಸ್ ಎಂಟ್ರಿ, ಬಿಸಿಯೂಟದ ಲೆಕ್ಕ, ಫೋಟೊ ಅಪ್‌ಲೋಡ್, ನಡುವೆ ಒಟಿಪಿಗಾಗಿ ಕಾಯುವುದು. ಇಬ್ಬರು ಅಧ್ಯಾಪಕರಿರುವ ಹಳ್ಳಿಶಾಲೆಯಲ್ಲಿ ಒಬ್ಬರು ಫೋನು ಹಿಡಿದು ಅಂಗಳದ ಮೂಲೆಗೆ ಸಿಗ್ನಲ್ ಹುಡುಕಿಕೊಂಡು ಹೋದರೆ ಎರಡು ಮೂರು ತರಗತಿಗಳು ಮತ್ತೊಬ್ಬರ ತಲೆಯ ಮೇಲೆ. ‘ಸರ್ವರ್ ಡೌನ್’ ಎಂಬ ಮಾತು ಶಾಲೆಗಳಲ್ಲಿ ಮಳೆಯ ಸುದ್ದಿಯಷ್ಟೇ ಸಹಜವಾಗಿದೆ. ಕ್ಲೌಡ್ ತಂತ್ರಜ್ಞಾನ ತರಗತಿಗೆ ಬಂತು ಎನ್ನಬೇಕಾದರೆ ಅದು ಮಕ್ಕಳ ಎದುರು ಕಳೆಯುವ ಹೊತ್ತನ್ನು ಹೆಚ್ಚಿಸಬೇಕು. ಕಚೇರಿಯ ಕೆಲಸ ತರಗತಿಯೊಳಗೆ ಬಂದು ಕೂತರೆ ಅದನ್ನು ಕಲಿಕೆಯ ಲೆಕ್ಕಕ್ಕೆ ಹಾಕುವಂತಿಲ್ಲ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಕನ್ನಡದಲ್ಲಿ ಗಾಳಿಮಳೆಗೆ ಮರದ ಗೆಲ್ಲು ತಂತಿಯ ಮೇಲೆ ಬೀಳುವುದು, ಕಂಬ ವಾಲುವುದು, ಮೆಸ್ಕಾಂ ಲೈನ್‌ಮನ್‌ಗಳು ಕೊಡೆ ಹಿಡಿಯಲೂ ಆಗದ ಮಳೆಯಲ್ಲಿ ತಂತಿ ಸರಿಪಡಿಸುವುದು ವರ್ಷವರ್ಷದ ನೋಟ. ಕರೆಂಟು ಹೋಗಿ ಕೆಲವು ಗಂಟೆ ಕಳೆದರೆ ಮೊಬೈಲ್ ಟವರಿನ ಬ್ಯಾಟರಿ ಮುಗಿಯುತ್ತದೆ. ಜನರೇಟರಿಗೆ ಡೀಸೆಲ್ ಇಲ್ಲವಾದರೆ ಊರಿಗೆ ಊರೇ ಮೌನ. ಮಳೆಗಾಲದ ಆಚೆ ಈಚೆ, ಏಪ್ರಿಲ್–ಮೇ ಹಾಗೂ ಅಕ್ಟೋಬರ್ ತಿಂಗಳಲ್ಲಿ, ಸಿಡಿಲಿನ ಕಾಟ. ಹಳೆಯ ತಾಮ್ರದ ಟೆಲಿಫೋನ್ ತಂತಿ ಸಿಡಿಲಿನ ವಿದ್ಯುತ್ತನ್ನು ನೇರ ಮೋಡೆಮ್‌ಗೆ ತಂದು ಸುಡುತ್ತಿತ್ತು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರೊಳಗೆ ವಿದ್ಯುತ್ ಹರಿಯದು. ಆದರೂ ರೌಟರಿಗೆ ಕರೆಂಟು ಕೊಡುವ ಪ್ಲಗ್ಗಿನ ದಾರಿ ತೆರೆದೇ ಇರುತ್ತದೆ. ಗುಡುಗು ಶುರುವಾದೊಡನೆ ಮನೆಮನೆಯಲ್ಲಿ ಪ್ಲಗ್ ಎಳೆಯುವ ಅಭ್ಯಾಸ ಸ್ಮಾರ್ಟ್ ಕ್ಲಾಸಿನ ಟಿವಿಗೂ ಬೇಕು.

ಕೆಂಪು ಎಚ್ಚರಿಕೆಯ ದಿನಗಳಲ್ಲಿ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರುತ್ತಾರೆ. ಹೊಳೆ ತೋಡು ದಾಟಿ ಬರುವ ಮಕ್ಕಳಿರುವ ಜಿಲ್ಲೆಯಲ್ಲಿ ಇದು ಅಗತ್ಯ ಕ್ರಮ. ಆ ದಿನಗಳಲ್ಲಿ ಮನೆಯಿಂದಲೇ ಆನ್‌ಲೈನ್ ತರಗತಿ ನಡೆಸಬಾರದೇ ಎಂಬ ಪ್ರಶ್ನೆ ಏಳುವುದು ಸಹಜ. ಶಾಲೆಗೆ ರಜೆ ಕೊಡಿಸಿದ ಮಳೆಯೇ ಕರೆಂಟನ್ನೂ ಟವರನ್ನೂ ಕೆಡಿಸಿರುತ್ತದೆ ಎಂಬುದು ಇದಕ್ಕೆ ಉತ್ತರ. ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ಕುಳಿತು ಯೋಚಿಸಿದಾಗ ಸುಲಭವಾಗಿ ಕಾಣುವ ಪರಿಹಾರ ಅಳದಂಗಡಿಯ ಮಳೆಗಾಲದ ಆಟಿ ತಿಂಗಳಲ್ಲಿ ನಿಲ್ಲುವುದಿಲ್ಲ.

ಇದನ್ನು ಇಡೀ ರಾಜ್ಯ ಕಣ್ಣಾರೆ ಕಂಡದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರ್ಕಾರ ಚಿಕ್ಕ ತರಗತಿಗಳ ಆನ್‌ಲೈನ್ ಪಾಠವನ್ನು ನಿರ್ಬಂಧಿಸಿ ಆದೇಶ ಹೊರಡಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೆ ತಡೆ ನೀಡಿತು. ಅದೇ ತಿಂಗಳ 20ರಿಂದ ದೂರದರ್ಶನ ಚಂದನದಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಪಾಠಗಳು ಬಂದವು. ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಅಧ್ಯಾಪಕರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿಯಲ್ಲಿ, ಗುಡಿಯ ಅಂಗಳದಲ್ಲಿ, ಮರದಡಿಯಲ್ಲಿ ಪಾಠ ಮಾಡಿದರು, ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶವಿಡೀ ಹರಿದಾಡಿತು: ರಸ್ತೆ ಬದಿಯಲ್ಲಿ ಕುಳಿತು ಫೋನಿನಲ್ಲಿ ಪಾಠ ಕೇಳುತ್ತಿರುವ ಮಗಳಿಗೆ ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ ಚಿತ್ರ. ಮನೆಯಲ್ಲಿ ಸಿಗ್ನಲ್ ಇರಲಿಲ್ಲ, ರಸ್ತೆಯಲ್ಲಿತ್ತು. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ 4.4ರಲ್ಲಿ, ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ 14.9ರಲ್ಲಿ. ಕೊರೊನಾದ ಆ ಎರಡು ವರ್ಷ ಹಳ್ಳಿಶಾಲೆಗಳ ನಿಜವಾದ ಕ್ಲೌಡ್ ಆಗಿ ದುಡಿದದ್ದು ವಾಟ್ಸ್‌ಆ್ಯಪ್ ಗುಂಪು. ಸಂಜೆ ಅಪ್ಪ ಕೆಲಸ ಮುಗಿಸಿ ಫೋನು ತಂದ ಮೇಲೆ ಮನೆಗೆಲಸದ ಫೋಟೊ ಇಳಿಯುತ್ತಿತ್ತು, ಮರುದಿನ ಉತ್ತರದ ಫೋಟೊ ಏರುತ್ತಿತ್ತು. ನೇರಪ್ರಸಾರಕ್ಕಿಂತ ಇದು ಹೆಚ್ಚು ಮಕ್ಕಳನ್ನು ಮುಟ್ಟಿದ್ದಕ್ಕೆ ಕಾರಣ ಸರಳ. ಎಲ್ಲರೂ ಒಂದೇ ಹೊತ್ತಿಗೆ ಜಾಲದಲ್ಲಿರಬೇಕೆಂಬ ಹಟ ಅದಕ್ಕಿರಲಿಲ್ಲ. ಸಿಗ್ನಲ್ ಬಂದಾಗ ಇಳಿಸಿಕೊ, ಆಮೇಲೆ ನೋಡು.

ಮಳೆಯ ಊರಿಗೆ ಹೊಂದುವ ಕ್ಲೌಡ್ ಇದೇ ಬಗೆಯದು. ಲೆಕ್ಕ ಹಾಕಿ ನೋಡಬಹುದು. ಹತ್ತು ನಿಮಿಷದ ಒಂದು ಸಾಧಾರಣ ಗುಣಮಟ್ಟದ ವಿಡಿಯೊ ಸುಮಾರು 80ರಿಂದ 100 ಎಂಬಿ. ಮೂವತ್ತು ಮಕ್ಕಳು ಮೂವತ್ತು ಟ್ಯಾಬ್‌ಗಳಲ್ಲಿ ಅದನ್ನು ಬೇರೆಬೇರೆಯಾಗಿ ಜಾಲದಿಂದ ತರಿಸಿದರೆ ಹೆಚ್ಚುಕಡಿಮೆ 3 ಜಿಬಿ ಖರ್ಚು; ಒಂದು ಸಿಮ್ಮಿನ ಹಾಟ್‌ಸ್ಪಾಟ್ ಅದನ್ನು ತಾಳದು. ಅದೇ ವಿಡಿಯೊವನ್ನು ಒಮ್ಮೆ ಇಳಿಸಿ ಶಾಲೆಯೊಳಗಿನ ಒಂದು ಸಣ್ಣ ಕಂಪ್ಯೂಟರಿನಲ್ಲಿಟ್ಟು, ಅಲ್ಲಿಂದ ಶಾಲೆಯದೇ ವೈಫೈ ಮೂಲಕ ಹಂಚಿದರೆ ಹೊರಗಿನ ಜಾಲಕ್ಕೆ ಬೀಳುವ ಭಾರ 100 ಎಂಬಿಯಷ್ಟೇ, ಅದೂ ಒಂದು ಸಲ. ವೈಫೈ ಎಂದರೆ ಇಂಟರ್ನೆಟ್ ಎಂದು ಅನೇಕರು ತಿಳಿದಿದ್ದಾರೆ. ಇಂಟರ್ನೆಟ್ ಇಲ್ಲದೆಯೂ ಒಂದು ಕೋಣೆಯ ಯಂತ್ರಗಳು ವೈಫೈ ಮೂಲಕ ಪರಸ್ಪರ ಮಾತಾಡಬಲ್ಲವು. ‘ಕೊಲಿಬ್ರಿ’ ಎಂಬ ಉಚಿತ ತಂತ್ರಾಂಶ ಮಾಡುವುದು ಇದನ್ನೇ. ‘ಕಿವಿಕ್ಸ್’ ಬಳಸಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ದೀಕ್ಷಾ ಆ್ಯಪ್‌ನಲ್ಲಿಯೂ ಪಾಠಗಳನ್ನು ಇಳಿಸಿಕೊಂಡು ಜಾಲವಿಲ್ಲದೆ ನೋಡುವ, ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸುವ ಅನುಕೂಲ ಮೊದಲಿನಿಂದಲೂ ಇದೆ. ಅಕ್ಷರ ಫೌಂಡೇಷನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಗಣಿತ ಆ್ಯಪ್ ಒಮ್ಮೆ ಇಳಿಸಿಕೊಂಡರೆ ಮುಗಿಯಿತು. ಕರಾವಳಿಯ ಮನೆಗಳಿಗೆ ಈ ನಡೆ ಹೊಸದೇನಲ್ಲ. ಮೇ ತಿಂಗಳ ಬಿಸಿಲಲ್ಲಿ ಹಲಸಿನ ಹಪ್ಪಳ ಒಣಗುತ್ತದೆ, ಸೊಳೆ ಉಪ್ಪಿಗೆ ಬೀಳುತ್ತದೆ, ಕಟ್ಟಿಗೆ ಕೊಟ್ಟಿಗೆಯ ಅಟ್ಟ ಸೇರುತ್ತದೆ. ಪೇಟೆಗೆ ಹೋಗಲಾಗದ ದಿನಗಳು ಬರುತ್ತವೆಂದು ಗೊತ್ತಿದ್ದವರು ಮಾಡುವ ಕೆಲಸ ಅದು.

ಹೀಗೆ ಶಾಲೆಯಲ್ಲೇ ಇಳಿಸಿಟ್ಟ ನೆಲದ ಪ್ರತಿಯನ್ನಷ್ಟೇ ನಂಬಿ ಕೂರುವುದೂ ಆಗದು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸುತ್ತಿನ ಹಳ್ಳಿಗಳಲ್ಲಿ ಗುಡ್ಡ ಜರಿದು, ಹೊಳೆ ಉಕ್ಕಿ ಮನೆ ತೋಟಗಳಿಗೆ ನೀರು ನುಗ್ಗಿತು. ಅಂಥ ನೆರೆಯಲ್ಲಿ ಮೊದಲು ಹೋಗುವುದು ಕಾಗದ. ಹಾಜರಿ ಪುಸ್ತಕ, ಅಂಕಪಟ್ಟಿ, ಮನೆಯ ಟ್ರಂಕಿನೊಳಗಿನ ಟಿಸಿ, ಮಕ್ಕಳ ನೋಟ್ಸು. ಒದ್ದೆಯಾದ ಅಂಕಪಟ್ಟಿಯ ನಕಲಿಗಾಗಿ ಬೆಂಗಳೂರಿನ ಮಂಡಳಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಿದ್ದ ಕಾಲವಿತ್ತು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಈಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಸಿಗುತ್ತದೆ. ಕ್ಲೌಡಿನಲ್ಲಿ ಒಂದು ಕಡತದ ಹಲವು ಪ್ರತಿಗಳು ಬೇರೆಬೇರೆ ಯಂತ್ರಗಳಲ್ಲಿ ಇರುತ್ತವೆ. ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಗೆದ್ದಲು, ಬೂಷ್ಟು, ಸೋರುವ ಮಾಡು ಇರುವ ಶಾಲೆಗೆ ಇಷ್ಟು ಭದ್ರವಾದ ಕಪಾಟು ಬೇರೆ ಸಿಗದು. ಅಧ್ಯಾಪಕಿ ಹತ್ತು ವರ್ಷ ಕೂಡಿಟ್ಟ ಪ್ರಶ್ನೆಪತ್ರಿಕೆ, ಪಾಠಯೋಜನೆಗಳೂ ಆ ಕಪಾಟಿಗೆ ಸೇರಿದರೆ ಆಕೆಗೆ ವರ್ಗವಾದ ಮೇಲೂ ಶಾಲೆಯಲ್ಲಿ ಉಳಿಯುತ್ತವೆ. ಹೀಗಾಗಿ ದಾಖಲೆಗೆ ಮೋಡದ ಪ್ರತಿ, ಪಾಠಕ್ಕೆ ನೆಲದ ಪ್ರತಿ, ಎರಡೂ ಬೇಕು.

ತರಗತಿಯಲ್ಲಿ ಕ್ಲೌಡ್ ಅತ್ಯಂತ ಚೆನ್ನಾಗಿ ಹೊಂದುವ ಇನ್ನೊಂದು ಕೆಲಸ ಒಟ್ಟಿಗೆ ಬರೆಯುವುದು. ಒಂದೇ ಬರಹವನ್ನು ಹಲವರು ಬೇರೆಬೇರೆ ಜಾಗದಿಂದ ತಿದ್ದಬಹುದು. ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯುತ್ತದೆ. ಕರ್ನಾಟಕದಲ್ಲಿ ಇದರ ಒಳ್ಳೆಯ ಉದಾಹರಣೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜತೆಗೂಡಿ ಪ್ರೌಢಶಾಲಾ ಅಧ್ಯಾಪಕರೇ ಗಣಿತ, ವಿಜ್ಞಾನ, ಸಮಾಜ, ಭಾಷೆಗಳ ಸಾಮಗ್ರಿಯನ್ನು ಅಲ್ಲಿ ಕನ್ನಡದಲ್ಲಿ ಬರೆದು ಕೂಡಿಸಿದ್ದಾರೆ. ವಿಕಿಪೀಡಿಯ ನಡೆಯುವ ತಂತ್ರಾಂಶದ ಮೇಲೆಯೇ ಅದೂ ನಿಂತಿದೆ. ಮೇಲಿನಿಂದ ಬಂದ ಪಾಠವನ್ನು ತೋರಿಸುವ ಅಧ್ಯಾಪಕನಿಗೂ, ತಾನೇ ಪಾಠ ಬರೆದು ಇನ್ನೊಬ್ಬರಿಗೆ ಕೊಡುವ ಅಧ್ಯಾಪಕನಿಗೂ ಬಹಳ ಅಂತರವಿದೆ. ಕ್ಲೌಡಿನ ಹೆಸರಲ್ಲಿ ಖರ್ಚಾಗುವ ಹಣದಲ್ಲಿ ದೊಡ್ಡ ಪಾಲು ಎರಡನೆಯ ಬಗೆಯ ಕೆಲಸಕ್ಕೆ ಹೋಗಬೇಕು.

ಅಳದಂಗಡಿಯಂಥ ಊರಿನಲ್ಲಿ ಇದು ಭಾಷೆಯ ಪ್ರಶ್ನೆಯೂ ಹೌದು. ಇಲ್ಲಿನ ಮಗು ಮನೆಯಲ್ಲಿ ತುಳು ಆಡುತ್ತದೆ. ಕೆಲವು ಮನೆಗಳಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ. ಶಾಲೆಯಲ್ಲಿ ಕನ್ನಡ ಕಲಿಯುತ್ತದೆ, ಕ್ಲೌಡಿನಲ್ಲಿ ಎದುರಾಗುವುದು ಹೆಚ್ಚಾಗಿ ಇಂಗ್ಲಿಷ್. ತುಳು ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಲ್ಲಿ ತೃತೀಯ ಭಾಷೆಯಾಗಿ ಬಂದು ಹದಿನೈದು ವರ್ಷ ಕಳೆದಿದೆ. ತುಳು ವಿಕಿಪೀಡಿಯ 2016ರ ಆಗಸ್ಟ್‌ನಲ್ಲಿ ಸ್ವತಂತ್ರ ತಾಣವಾಯಿತು. 2024ರ ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತುಳು–ತಿಗಳಾರಿ ಲಿಪಿಗೆ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿತು. ಬಾಗಿಲುಗಳು ತೆರೆದಿವೆ, ಒಳಗೆ ಇಡುವ ಸರಕು ಕಡಿಮೆ. ಊರ ದೈವಸ್ಥಾನದ ಕತೆ, ತೋಡಿನ ಮೀನುಗಳ ಹೆಸರು, ಗದ್ದೆಯ ಭತ್ತದ ತಳಿಗಳು, ಅಜ್ಜಿ ಹಾಡುವ ಪಾಡ್ದನದ ಧ್ವನಿ ಇವನ್ನು ಮಕ್ಕಳೇ ಫೋನಿನಲ್ಲಿ ದಾಖಲಿಸಿ, ಅಧ್ಯಾಪಕರ ಕಣ್ಣೆದುರು ತಿದ್ದಿ, ಕೂಡಿಡುವ ಕೆಲಸಕ್ಕೆ ಕ್ಲೌಡಿಗಿಂತ ಒಳ್ಳೆಯ ಸಾಧನವಿಲ್ಲ. ಅದು ಬೆಂಗಳೂರಿನಿಂದಾಗಲೀ ಕ್ಯಾಲಿಫೋರ್ನಿಯಾದಿಂದಾಗಲೀ ಇಳಿದು ಬರುವ ಪಾಠವಲ್ಲ. ಅಳದಂಗಡಿಯಿಂದಲೇ ಏರಬೇಕಾದದ್ದು.

ಗಡಿಯಾಚೆಯ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿದರೆ ರಾಜ್ಯವೊಂದು ತರಗತಿಗೆ ತಂತ್ರಜ್ಞಾನ ತರುವ ಕೆಲಸವನ್ನು ಹೇಗೆ ಕೈಗೆತ್ತಿಕೊಳ್ಳಬಹುದು ಎಂಬುದು ತಿಳಿಯುತ್ತದೆ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರದ್ದು. ಅದು ಮುಂದೆ ‘ಕೈಟ್’ ಎಂಬ ಸಂಸ್ಥೆಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆಯಲ್ಲಿ ಸುಮಾರು 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಶಾಲೆಗಳಲ್ಲಿ ಬಳಕೆಯಾಗುವುದು ಮುಕ್ತ ತಂತ್ರಾಂಶ. ಕಂಪನಿಗೆ ವರ್ಷವರ್ಷ ಪರವಾನಗಿ ಹಣ ಕಟ್ಟಬೇಕಿಲ್ಲ. 2020ರ ಜೂನ್ 1ರಂದು ಕೈಟ್‌ನ ಶೈಕ್ಷಣಿಕ ಟಿವಿ ವಾಹಿನಿ ವಿಕ್ಟರ್ಸ್‌ನಲ್ಲಿ ಪಾಠ ಶುರುವಾದಾಗ ಕನ್ನಡ ಮಾಧ್ಯಮದ ಮಕ್ಕಳಿಗೂ ತರಗತಿಗಳನ್ನು ಸಿದ್ಧಪಡಿಸಲಾಯಿತು. ಕರ್ನಾಟಕದಲ್ಲಿಯೂ ಅಧ್ಯಾಪಕರಿಗೆ ತಂತ್ರಜ್ಞಾನದ ಬಳಕೆ ಕಲಿಸುವ ಟಾಲ್ಪ್ ತರಬೇತಿ ಬಂತು, ಯೋಜನೆಗಳ ಹೆಸರುಗಳೂ ಬಹಳ ಬಂದವು. ಒಂದೇ ಸಂಸ್ಥೆ ಇಪ್ಪತ್ತು ವರ್ಷ ಬಿಡದೆ ಬೆನ್ನು ಹತ್ತಿದ ಸ್ಥಿರತೆ ಮಾತ್ರ ಬರಲಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಆ ಕೊರತೆಯನ್ನು ಒಂದಿಷ್ಟು ತುಂಬಿದ್ದು ಸರ್ಕಾರದ ಹೊರಗಿನ ಕೈಗಳು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ‘ಜ್ಞಾನತಾಣ’ದ ಮೂಲಕ ಹಳ್ಳಿಯ ವಿದ್ಯಾರ್ಥಿಗಳಿಗೆ ಟ್ಯಾಬ್, ಲ್ಯಾಪ್‌ಟಾಪ್ ಒದಗಿಸಿದೆ.

ಈ ಕ್ಲೌಡ್ ಸಾಧನಗಳಿಗೆ ಈಚಿನ ಸೇರ್ಪಡೆ ಕೃತಕ ಬುದ್ಧಿಮತ್ತೆ. ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಶಿಕ್ಷಣ ಫೌಂಡೇಷನ್ ಸೇರಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು 2023ರಲ್ಲಿ ಬೆಂಗಳೂರು ಸುತ್ತಿನ ಸರ್ಕಾರಿ ಶಾಲೆಗಳ ಅಧ್ಯಾಪಕರ ಕೈಗಿತ್ತವು. ಪಠ್ಯಕ್ರಮವನ್ನು ಆಧರಿಸಿ ಪಾಠಯೋಜನೆಯ ಕರಡನ್ನು ಅದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಡುತ್ತದೆ. ಅಧ್ಯಾಪಕರ ಸಮಯ ಉಳಿಸುವ ಉಪಾಯವಾಗಿ ಇದು ಒಪ್ಪತಕ್ಕದ್ದೇ. ಕರಡನ್ನು ತಿದ್ದುವ ವಿದ್ವತ್ತು ಅಧ್ಯಾಪಕರಲ್ಲಿ ಇರುವವರೆಗೆ ಮಾತ್ರ.

ಮೇಲ್ಮುಖ ದಾರಿಯ ಅಪಾಯಕ್ಕೆ ಈಗ ಬರಬೇಕು. 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ಬಯಲಿಗೆಳೆದ ಸಂಗತಿ ಇದು: ದೀಕ್ಷಾದ ಮಾಹಿತಿಯಿದ್ದ ಕ್ಲೌಡ್ ಸರ್ವರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಬೀಗವಿಲ್ಲದೆ ತೆರೆದುಕೊಂಡಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಅಧ್ಯಾಪಕರ ಹೆಸರು, ಫೋನ್ ಸಂಖ್ಯೆ, ಇಮೇಲ್, ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ವಿವರ ಅಲ್ಲಿದ್ದವು. ಶಾಲೆಯ ಹಳೆಯ ಕಬ್ಬಿಣದ ಕಪಾಟು ತೆರೆದಿದ್ದರೆ ಹಾನಿ ಒಂದು ಶಾಲೆಯದು; ಕ್ಲೌಡಿನ ಕಪಾಟು ತೆರೆದಿದ್ದರೆ ಲಕ್ಷಾಂತರ ಮಕ್ಕಳದು. ಅದೇ ವರ್ಷ ಆಗಸ್ಟ್‌ನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಹದಿನೆಂಟು ತುಂಬದವರ ಮಾಹಿತಿ ಪಡೆಯಲು ಹೆತ್ತವರ ಖಚಿತ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ ಎನ್ನುತ್ತದೆ ಅದು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಕಲಿಕೆ ಮತ್ತು ಸುರಕ್ಷತೆಯ ಕೆಲಸಗಳಿಗೆ ಶಾಲೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ಇದರ ನಡುವೆಯೇ 2025ರಲ್ಲಿ ರಾಜ್ಯ ಸರ್ಕಾರ ಮುಖ ಗುರುತಿಸಿ ಹಾಜರಿ ಹಾಕುವ ಏರ್ಪಾಡನ್ನು ಶಾಲೆಗಳಿಗೆ ತರಲು ಹೊರಟಿತು. ಮೂವತ್ತು ಮಕ್ಕಳ ಮುಖ, ಮನೆ, ಅಪ್ಪ ಅಮ್ಮ ಎಲ್ಲವನ್ನೂ ಬಲ್ಲ ಅಧ್ಯಾಪಕಿಯಿರುವ ಹಳ್ಳಿಶಾಲೆಯಲ್ಲಿ ಮಗುವಿನ ಮುಖದ ಅಳತೆಯನ್ನು ದೂರದ ಯಂತ್ರಕ್ಕೆ ಕೊಡಬೇಕಾದ ಅಗತ್ಯ ಕಾಣುವುದಿಲ್ಲ. ಬೇಕಾದಷ್ಟೇ ಮಾಹಿತಿ ಕಳಿಸುವುದು, ಬೇಡವಾದದ್ದನ್ನು ಕೇಳಿದಾಗ ಯಾಕೆಂದು ಪ್ರಶ್ನಿಸುವುದು ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಹಕ್ಕು.

ನೆಲದ ಪ್ರತಿ ಇಟ್ಟುಕೊಳ್ಳಲು ಶಾಲೆಯೊಂದಕ್ಕೆ ಬೇಕಾದ ಸಾಮಾನಿನ ಪಟ್ಟಿ ದೊಡ್ಡದಲ್ಲ. ಒಂದು ಸಣ್ಣ ಕಂಪ್ಯೂಟರ್, ಒಂದೆರಡು ಟಿಬಿ ಜಾಗದ ಡಿಸ್ಕ್, ಒಂದು ವೈಫೈ ರೌಟರ್, ನಾಲ್ಕೈದು ಗಂಟೆ ತಾಳುವ ಇನ್ವರ್ಟರ್, ಸಿಡಿಲಿನಿಂದ ಕಾಯುವ ಅರ್ಥಿಂಗ್. ಭಾರತ್‌ನೆಟ್ ಯೋಜನೆಯಲ್ಲಿ ಗ್ರಾಮ ಪಂಚಾಯತ್ ಕಚೇರಿಗಳಿಗೆ ಫೈಬರ್ ಎಳೆಯಲಾಗುತ್ತಿದೆ. ಶಾಲೆಗೆ ಸಂಪರ್ಕವಿಲ್ಲದ ಕಡೆ ಡಿಸ್ಕನ್ನು ಅಲ್ಲಿಗೇ ಒಯ್ದು ಪಾಠಗಳನ್ನು ತುಂಬಿಸಿಕೊಂಡು ಬರಬಹುದು. ರಾಜ್ಯದಲ್ಲಿ ಶಾಲೆ ತೆರೆಯುವುದು ಮೇ ಕೊನೆಗೆ; ಮುಂಗಾರು ಕರಾವಳಿಗೆ ಬರುವುದು ಜೂನ್ ಮೊದಲ ವಾರದ ಆಸುಪಾಸಿಗೆ. ಆ ವರ್ಷದ ಪಾಠಗಳನ್ನೆಲ್ಲ ಇಳಿಸಿಡುವ ಕೆಲಸ ಏಪ್ರಿಲ್, ಮೇ ತಿಂಗಳಲ್ಲಿ ಮುಗಿದಿರಬೇಕು.